ದೂರವೆಷ್ಟು, ಹೊತ್ತೆಷ್ಟು? ಸಾಂಬ್ರಾದಿಂದ ಕೊಲ್ಲಾಪುರಕ್ಕೆ ಒಂದು ಲೆಕ್ಕ

ದೂರವನ್ನು ಹೇಳಲು ಕನ್ನಡದಲ್ಲಿ ಹಲವು ಮಾತುಗಳಿವೆ. ಕರೆದರೆ ಕೇಳಿಸುವಷ್ಟು ಹತ್ತಿರವಿದ್ದರೆ ಅದು ಕೂಗಳತೆ. ಸುಮಾರು ಮೂರು ಮೈಲಿಯಾದರೆ ಹರದಾರಿ. ನಾಲ್ಕು ಹರದಾರಿ ಸೇರಿದರೆ ಗಾವುದ. ಒಂದು ಹರದಾರಿ ನಡೆಯಲು ಹೆಚ್ಚುಕಡಿಮೆ ಒಂದು ತಾಸು ಬೇಕು. ಹೀಗಾಗಿ ದೂರವನ್ನು ಹೇಳಿದರೆ ಕಾಲವನ್ನೂ ಹೇಳಿದಂತಾಗುತ್ತಿತ್ತು. ವಿಮಾನಯಾನದಲ್ಲಿ ಈ ನಂಟು ಸಡಿಲಗೊಳ್ಳುತ್ತದೆ.

ಚಂದಗಡಕ್ಕೆ ಸಮೀಪದ ಎರಡು ವಿಮಾನ ನಿಲ್ದಾಣಗಳನ್ನೇ ನೋಡಬಹುದು. ಪೂರ್ವಕ್ಕೆ, ಕರ್ನಾಟಕದಲ್ಲಿ, 1942ರ ಮಹಾಯುದ್ಧ ಕಾಲದ ಬೆಳಗಾವಿಯ ಸಾಂಬ್ರಾ. ಉತ್ತರಕ್ಕೆ, ಮಹಾರಾಷ್ಟ್ರದಲ್ಲಿ, 1939ರಲ್ಲಿ ಆರಂಭವಾದ ಕೊಲ್ಲಾಪುರದ ಉಜಳಾಯಿವಾಡಿ. ಸಾಂಬ್ರಾದ ಅಕ್ಷಾಂಶ 15 ಡಿಗ್ರಿ 52 ಮಿನಿಟು, ರೇಖಾಂಶ 74 ಡಿಗ್ರಿ 37 ಮಿನಿಟು. ಉಜಳಾಯಿವಾಡಿಯ ಅಕ್ಷಾಂಶ 16 ಡಿಗ್ರಿ 40 ಮಿನಿಟು, ರೇಖಾಂಶ 74 ಡಿಗ್ರಿ 17 ಮಿನಿಟು.

ಅಕ್ಷಾಂಶದ ಒಂದು ಮಿನಿಟು ಸುಮಾರು 1.85 ಕಿಲೋಮೀಟರಿಗೆ ಸಮ. ಆದ್ದರಿಂದ 48 ಮಿನಿಟಿನ ಅಂತರವು 89 ಕಿಲೋಮೀಟರು. ರೇಖಾಂಶಗಳು ಧ್ರುವದತ್ತ ಸಾಗಿದಂತೆ ಒಂದಕ್ಕೊಂದು ಸಮೀಪಿಸುವುದರಿಂದ ಇಲ್ಲಿ ಅದರ ಒಂದು ಮಿನಿಟು 1.78 ಕಿಲೋಮೀಟರು ಮಾತ್ರ. 20 ಮಿನಿಟಿಗೆ ಸುಮಾರು 36. ಈ ಎರಡನ್ನು ಲಂಬಕೋನ ತ್ರಿಭುಜದ ಬಾಹುಗಳೆಂದು ಭಾವಿಸಿದರೆ ಕರ್ಣವು ಸುಮಾರು 96 ಕಿಲೋಮೀಟರು. ಹಳೆಯ ಅಳತೆಯಲ್ಲಿ ಅದು 20 ಹರದಾರಿ, ಎಂದರೆ ಐದು ಗಾವುದ. ಸಾವಿರಾರು ಕಿಲೋಮೀಟರಿನ ದೂರಕ್ಕೆ ಈ ಸರಳ ವಿಧಾನ ಸಾಲದು; ಅಲ್ಲಿ ಭೂಮಿಯ ಗೋಳಾಕಾರವನ್ನು ಗಣಿಸಬೇಕು.

ಗಂಟೆಗೆ 500 ಕಿಲೋಮೀಟರು ವೇಗದ ಸಣ್ಣ ವಿಮಾನವೊಂದು ಈ ದೂರವನ್ನು 12 ನಿಮಿಷಗಳಲ್ಲಿ ಕ್ರಮಿಸಬೇಕೆಂದು ಗಣಿತ ಹೇಳುತ್ತದೆ. ಆದರೆ ಆ ಪೂರ್ಣವೇಗವು ವಿಮಾನಕ್ಕೆ ಮೇಲೇರಿದ ಬಳಿಕವಷ್ಟೇ ದೊರೆಯುತ್ತದೆ. ಓಡುದಾರಿಯವರೆಗಿನ ನಿಧಾನಗತಿ, ಏರಿಕೆ, ಇಳಿಕೆ, ಇಳಿಯುವ ದಿಕ್ಕಿಗೆ ಹೊರಳುವ ಸುತ್ತು, ಎದುರುಗಾಳಿ ಇವೆಲ್ಲ ಕೂಡಿ ಅಷ್ಟು ಚಿಕ್ಕ ಹಾರಾಟವೂ ಅರ್ಧ ತಾಸಿನಷ್ಟಾದೀತು. ದಾರಿ ಚಿಕ್ಕದಾದಷ್ಟೂ ಈ ಹೆಚ್ಚುವರಿ ಹೊತ್ತಿನ ಪಾಲು ಹಿರಿದು.

ನೆಲದ ಹಾದಿ ಇದಕ್ಕೂ ಮುಖ್ಯ. ಚಂದಗಡದಿಂದ ಸಾಂಬ್ರಾಕ್ಕೆ ನೇರ ದೂರ ಸುಮಾರು 47 ಕಿಲೋಮೀಟರು, ಉಜಳಾಯಿವಾಡಿಗೆ ಸುಮಾರು 82. ರಸ್ತೆಯ ತಿರುವುಗಳು ಎರಡನ್ನೂ ಹಿಗ್ಗಿಸುತ್ತವೆ. ಹಾರಾಟಕ್ಕೆ ಸಾಮಾನ್ಯವಾಗಿ ಒಂದು ತಾಸು ಮೊದಲೇ ಪ್ರಯಾಣಿಕರ ನೋಂದಣಿ ಮುಗಿಯುತ್ತದೆ. ಉದ್ಯೋಗದ ಸಂದರ್ಶನಕ್ಕೆಂದು ದೂರದ ನಗರಕ್ಕೆ ಹೊರಟ ವಿದ್ಯಾರ್ಥಿಯು ಟಿಕೇಟಿನಲ್ಲಿರುವ ಹಾರಾಟದ ಹೊತ್ತನ್ನಷ್ಟೇ ನಂಬಿದರೆ ವಿಮಾನವೂ ತಪ್ಪೀತು, ಅವಕಾಶವೂ ತಪ್ಪೀತು. ಮನೆಯ ಹೊಸ್ತಿಲಿನಿಂದ ಎಣಿಸಿದ ಹೊತ್ತೇ ನಿಜವಾದ ಪ್ರಯಾಣಕಾಲ.

‘ವಿಮಾನ’ ಪದದಲ್ಲಿರುವ ‘ಮಾ’ ಎಂಬ ಸಂಸ್ಕೃತ ಧಾತುವಿಗೆ ಅಳೆಯುವುದು ಎಂದರ್ಥ. ಆಕಾಶವನ್ನು ಅಳೆಯುವ ಈ ವಾಹನವನ್ನು ಏರುವವರು ಮೊದಲು ತಮ್ಮ ಊರಿನ ದಾರಿಯನ್ನು ಅಳೆದುಕೊಳ್ಳುವುದು ಲೇಸು.