ಎಳೆಯರಿಗೆ ಪರಿಸರಪಾಠ

ಕುಂದಾಪುರ ತಾಲ್ಲೂಕಿನ ಗುಲ್ವಾಡಿ ಗ್ರಾಮದ ಹೆಸರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಆ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಗುಲ್ವಾಡಿ ವೆಂಕಟರಾಯರು ೧೮೯೯ರಲ್ಲಿ ಪ್ರಕಟಿಸಿದ ‘ಇಂದಿರಾಬಾಯಿ’ಯು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪರಿಗಣಿತವಾಗಿದೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಸಮಾಜವು ಕಣ್ದೆರೆಯಬೇಕೆಂಬುದು ಆ ಕೃತಿಯ ಆಶಯಗಳಲ್ಲೊಂದು. ಹಿರಿಯರು ಕಲಿಯದೆ ಬಿಟ್ಟ ಪಾಠವನ್ನು ಕಿರಿಯರಿಗಾದರೂ ಕಲಿಸಬೇಕಾದ ಹೊಣೆ ಪ್ರತಿಯೊಂದು ಕಾಲಕ್ಕೂ ಇರುತ್ತದೆ. ಇಂದಿನ ಕಾಲಕ್ಕೆ ಒದಗಿರುವ ಅಂತಹ ಪಾಠವೆಂದರೆ ನೆಲ, ಜಲ, ವಾಯುಗಳ ರಕ್ಷಣೆ.

ಈ ಹೊಣೆಯನ್ನು ನಮ್ಮ ಸಂವಿಧಾನವೂ ಶಾಸನವೂ ಅಂಗೀಕರಿಸಿವೆ. ೧೯೭೬ರ ೪೨ನೆಯ ತಿದ್ದುಪಡಿಯ ಮೂಲಕ ಅರಣ್ಯ, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣವು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಬೇಕೆಂದು ತೀರ್ಪಿತ್ತಿತು. ೨೦೦೩ರಲ್ಲಿ ಅದರ ಪಾಲನೆಗಾಗಿ ಮತ್ತೆ ಆದೇಶ ನೀಡಬೇಕಾಯಿತು. ಪಠ್ಯಪುಸ್ತಕಗಳಲ್ಲಿ ಪಾಠಗಳು ಬಂದವು. ಆದರೆ ಧ್ರುವಪ್ರದೇಶದ ಹಿಮ ಕರಗುವುದನ್ನು ಬಾಯಿಪಾಠ ಒಪ್ಪಿಸುವ ಬಾಲಕನಿಗೆ ತನ್ನ ಮನೆಯ ಬಾವಿ ಬೇಸಗೆಯಲ್ಲಿ ಬತ್ತುವುದೇಕೆಂದು ತಿಳಿಯದಿದ್ದರೆ ಆ ಪಾಠವು ಪರೀಕ್ಷೆಯೊಂದಿಗೇ ಮುಗಿದುಹೋಗುತ್ತದೆ.

ಮಕ್ಕಳಿಗೆ ಮೊದಲು ತಿಳಿಸಬೇಕಾದುದು ಹವೆಗೂ ಹವಾಮಾನಕ್ಕೂ ಇರುವ ವ್ಯತ್ಯಾಸ. ಇಂದಿನ ಮಳೆ, ನಾಳಿನ ಬಿಸಿಲು ಹವೆ. ಸುಮಾರು ಮೂವತ್ತು ವರ್ಷಗಳ ಮಳೆಬಿಸಿಲುಗಳ ಸರಾಸರಿಯು ಹವಾಮಾನ. ಭೂಮಿಯಿಂದ ಹೊರಹೋಗುವ ಶಾಖವನ್ನು ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಕಂಬಳಿಯಂತೆ ತಡೆದು ಇರಿಸುತ್ತವೆ. ಈ ಕಂಬಳಿಯೇ ಇಲ್ಲದಿದ್ದರೆ ಭೂಮಿಯು ಹೆಪ್ಪುಗಟ್ಟುತ್ತಿತ್ತು. ಅದು ದಪ್ಪವಾಗುತ್ತ ಹೋದರೆ ತಾಪವು ಏರುತ್ತದೆ. ಕಲ್ಲಿದ್ದಲು, ಎಣ್ಣೆಗಳ ದಹನ ಹೆಚ್ಚುವ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ೨೮೦ ಪಾಲು ಇದ್ದ ಈ ಅನಿಲವು ಈಗ ೪೨೦ನ್ನು ಮೀರಿದೆ. ಇದರ ಫಲವಾಗಿ ಭೂಮಿಯ ಸರಾಸರಿ ಉಷ್ಣತೆಯು ೧೯ನೆಯ ಶತಮಾನದ ಉತ್ತರಾರ್ಧಕ್ಕಿಂತ ಒಂದು ಡಿಗ್ರಿಗೂ ಮಿಗಿಲಾಗಿ ಏರಿದೆ. ೧೯೦೧ರಿಂದ ೨೦೧೮ರ ಅವಧಿಯಲ್ಲಿ ಸಮುದ್ರಮಟ್ಟವು ಸುಮಾರು ೨೦ ಸೆಂಟಿಮೀಟರ್ ಮೇಲೆದ್ದಿದೆ.

ಈ ಅಂಕಿಗಳಿಗೆ ಜೀವ ಬರುವುದು ಊರಿನ ನೆಲದಲ್ಲಿ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹಾಗಾದರೆ ನೂರು ಚದರ ಮೀಟರಿನ ಹಂಚಿನ ಮಾಡಿನ ಮೇಲೆ ಬೀಳುವ ನೀರು ನಾಲ್ಕು ಲಕ್ಷ ಲೀಟರ್! ಈ ಲೆಕ್ಕವನ್ನು ಮಕ್ಕಳು ತಾವೇ ಮಾಡಿದಾಗ, ಇಷ್ಟು ನೀರು ಬಿದ್ದೂ ಚೈತ್ರ ವೈಶಾಖಗಳಲ್ಲಿ ಬಾವಿಗಳು ಏಕೆ ಒಣಗುತ್ತವೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಮುರಕಲ್ಲಿನ ನೆಲವು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ಅದನ್ನು ತಡೆದು ಇಂಗಿಸುತ್ತಿದ್ದವು ಬೈಲಿನ ಗದ್ದೆಗಳು, ಮದಗಗಳು, ಹಾಡಿಗಳು. ಗದ್ದೆ ಹಡಿಲು ಬಿದ್ದು, ಮದಗ ಹೂತುಹೋಗಿ, ಹಾಡಿ ಬೋಳಾದಲ್ಲಿ ಮಳೆಯ ನೀರು ತೋಡು ಹಿಡಿದು ನೇರ ಸಮುದ್ರಕ್ಕೆ ಸೇರುತ್ತದೆ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡುವ ಗಂಗೊಳ್ಳಿಯ ಅಳಿವೆಯೂ ಮಕ್ಕಳಿಗೆ ಒಂದು ತೆರೆದ ಪುಸ್ತಕ. ಹೊಳೆಯ ನೀರು ಕಡಿಮೆಯಾದಾಗ ಉಬ್ಬರದ ಉಪ್ಪುನೀರು ಒಳನಾಡಿಗೆ ಏರಿಬರುತ್ತದೆ. ಅದನ್ನು ತಡೆಯಲು ಕಿಂಡಿ ಅಣೆಕಟ್ಟುಗಳು ಹುಟ್ಟಿಕೊಂಡಿವೆ. ಸಮುದ್ರಮಟ್ಟ ಏರಿದಂತೆ ಈ ತೊಡಕು ಹೆಚ್ಚುವುದು ಸಹಜ. ದಡದ ಕಾಂಡ್ಲಾ ಗಿಡಗಳ ಬೇರುಗಳು ಮಣ್ಣನ್ನು ಹಿಡಿದು, ತೆರೆಯ ರಭಸವನ್ನು ಮುರಿದು, ಮೀನಿನ ಮರಿಗಳಿಗೆ ಆಶ್ರಯವೀಯುತ್ತವೆ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಕಾಂಡ್ಲಾ ಕಡಿಯಬಾರದೆಂದು ಬೇರೆ ಉಪದೇಶ ಬೇಕಾಗದು.

ಇಂತಹ ಬೋಧನೆಗೆ ಈ ನಾಡಿನಲ್ಲಿ ಮೇಲ್ಪಂಕ್ತಿಯೂ ಉಂಟು. ಇಂದಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ ೧೯೦೨ರಲ್ಲಿ ಜನಿಸಿದ ಶಿವರಾಮ ಕಾರಂತರು ೧೯೩೦ರ ದಶಕದಲ್ಲಿಯೇ ‘ಬಾಲಪ್ರಪಂಚ’ದ ಮೂರು ಸಂಪುಟಗಳಿಂದ ಜಗತ್ತಿನ ಅರಿವನ್ನು ಕನ್ನಡದ ಮಕ್ಕಳ ಮುಂದಿರಿಸಿದರು, ಪುತ್ತೂರಿನ ಬಾಲವನದಲ್ಲಿ ಆಟ, ಕಲೆ, ಪ್ರಕೃತಿಗಳ ನಡುವೆಯೇ ಕಲಿಕೆಯ ಪ್ರಯೋಗ ನಡೆಸಿದರು. ಅವರೇ ಇಳಿವಯಸ್ಸಿನಲ್ಲಿ, ೧೯೮೯ರಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭಾ ಚುನಾವಣೆಗೆ ನಿಂತರು. ಗೆಲುವು ದೊರೆಯಲಿಲ್ಲ, ಆದರೆ ಮಕ್ಕಳಿಗೆ ಹೇಳಿದ ಮಾತನ್ನು ಹಿರಿಯನು ಬದುಕಿನಲ್ಲಿ ನಡೆಸಬೇಕೆಂಬುದು ಅದರಿಂದ ಸ್ಪಷ್ಟವಾಯಿತು.

ಬೋಧಕರು ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ಒಂದು, ಸತ್ಯದ ಮಿತಿ. ೨೦೨೧ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಈ ಕರಾವಳಿಯನ್ನು ಅಪ್ಪಳಿಸಿತು. ಒಂದೇ ಚಂಡಮಾರುತವನ್ನು ತೋರಿಸಿ ಎಲ್ಲವೂ ಹವಾಮಾನ ಬದಲಾವಣೆಯಿಂದಲೇ ಎನ್ನುವುದು ಶಾಸ್ತ್ರಸಮ್ಮತವಲ್ಲ. ಅರಬ್ಬೀ ಸಮುದ್ರದ ನೀರು ಬಿಸಿಯಾಗುತ್ತಿದೆ, ಬಿಸಿ ನೀರು ಚಂಡಮಾರುತಕ್ಕೆ ಬಲ ಕೊಡುತ್ತದೆ ಎನ್ನುವುದು ಸಮ್ಮತ. ಎರಡು, ಭಯ. ಲೋಕವೇ ಮುಳುಗುವುದೆಂದು ಕೇಳಿದ ಎಳೆಯ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿನಿಂದ ಕೆಲಸವಾಗದು. ಆದುದರಿಂದ ಅಪಾಯವನ್ನು ಹೇಳಿದೊಡನೆ ಮಾಡಬಹುದಾದ ಕಾರ್ಯವನ್ನೂ ಹೇಳಬೇಕು. ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಮೃಗಶಿರಾ, ಆರ್ದ್ರಾ, ಪುನರ್ವಸು ಮಳೆಗಳ ಲೆಕ್ಕ ಬರೆದಿಡುವುದು. ಅಜ್ಜ ಅಜ್ಜಿಯರನ್ನು ಕೇಳಿ ಹಿಂದಿನ ಕಾರ್ತಿ, ಸುಗ್ಗಿ, ಕೊಳಕೆ ಬೆಳೆಗಳ ಕ್ರಮವನ್ನು ತಿಳಿಯುವುದು. ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯುವುದು. ವನಮಹೋತ್ಸವದಂದು ನೆಟ್ಟ ಸಸಿಗೆ ಮುಂದಿನ ಬೇಸಗೆಯಲ್ಲಿಯೂ ನೀರೆರೆಯುವುದು—ಇವೆಲ್ಲ ವೆಚ್ಚವಿಲ್ಲದ ಪಾಠಗಳು.

ಹಾಗೆಂದು ಲೋಕದ ಭಾರವನ್ನೆಲ್ಲ ಮಕ್ಕಳ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಗಾಳಿಗೆ ಇಂಗಾಲವನ್ನು ತುಂಬಿದವರು ಹಿರಿಯರು. ಮದಗ ಹೂಳಬೇಕೆ, ಹಾಡಿ ಕಡಿಯಬೇಕೆ ಎಂದು ನಿರ್ಣಯಿಸುವವರೂ ಅವರೇ. ನಾಗಬನದ ಮರಗಳನ್ನು ಉರುಳಿಸಿ ಸಿಮೆಂಟಿನ ಕಟ್ಟೆ ಕಟ್ಟಿಸುವ ಮನೆಯಲ್ಲಿ ಮಗುವು ಓದುವ ಪರಿಸರಪಾಠಕ್ಕೆ ಬೆಲೆ ಬಾರದು. ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಕಣ್ಣಿನಿಂದ ಕಲಿಯುವುದೇ ಹೆಚ್ಚು. ಈ ಮಳೆಗಾಲಕ್ಕೆ ಮುನ್ನ ಹಿರಿಯರು ಊರಿನ ಒಂದು ಮದಗದ ಹೂಳನ್ನು ಎತ್ತಿದರೆ, ನೋಡುತ್ತ ನಿಂತ ಮಕ್ಕಳಿಗೆ ಪಾಠವು ಅಲ್ಲಿಯೇ ಆರಂಭವಾಗುತ್ತದೆ.