ಆಟಗಾರನಿಗೆ ಗೊತ್ತು, ಪಾತ್ರಕ್ಕೆ ಗೊತ್ತೇ?

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಮೇಜಿನ ಸುತ್ತ ಕುಳಿತು ಆಡುವ ಆಟ. ಗೇಮ್ ಮಾಸ್ಟರ್ ಕಥೆ ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ.

ಟ್ರೋಲ್ ಎಂಬ ರಾಕ್ಷಸ ಎದುರಾದನೆನ್ನಿ. ಅವನ ಗಾಯಗಳು ತಾವಾಗಿಯೇ ಮಾಯುತ್ತವೆ. ಬೆಂಕಿ ಅಥವಾ ಆಮ್ಲ ಅದನ್ನು ತಡೆಯುತ್ತದೆ. ಇದು ಆಟಗಾರನಿಗೆ ಗೊತ್ತು. ಅವನ ಪಾತ್ರಕ್ಕೆ?

ಗೇಮ್ ಮಾಸ್ಟರ್ ಮೊದಲು ಪಾತ್ರದ ಹಿನ್ನೆಲೆ ನೋಡುತ್ತಾರೆ. ಟ್ರೋಲ್‌ಗಳಿರುವ ಕಾಡಂಚಿನಲ್ಲಿ ಬೆಳೆದ ಬೇಟೆಗಾರನಾದರೆ ನೇರವಾಗಿ ಹೇಳಿಬಿಡಬಹುದು. ತಿಳಿಯುವ ದಾರಿಯೇ ಇರದಿದ್ದರೆ, ಇಲ್ಲ. ಅನುಮಾನವಿದ್ದಾಗ ಮಾತ್ರ 20 ಮುಖದ ದಾಳ. ಬಿದ್ದ ಸಂಖ್ಯೆಗೆ ಪಾತ್ರದ ಬುದ್ಧಿಶಕ್ತಿಗೆ ಸಲ್ಲುವ ಅಂಕ ಕೂಡಿಸುತ್ತಾರೆ. 2014ರ ನಿಯಮದಂತೆ ಸುಲಭ ವಿಷಯಕ್ಕೆ 10, ಮಧ್ಯಮಕ್ಕೆ 15, ಕಠಿಣಕ್ಕೆ 20 ಮುಟ್ಟಬೇಕು. ಕಥೆ ಮುಂದೆ ಸಾಗಲು ಬೇಕೇಬೇಕಾದ ಸುಳಿವನ್ನು ಮಾತ್ರ ಅನುಭವಿಗಳು ದಾಳಕ್ಕೆ ಬಿಡುವುದಿಲ್ಲ.

ಅಭ್ಯಾಸ ಪಾಠದಲ್ಲಿ ನಾನು ಎಡವಿದ್ದು ಇಲ್ಲಿಯೇ. ಎಂಟನೇ ತರಗತಿಗೆ ಘರ್ಷಣೆ ಬೋಧಿಸುವಾಗ “ಬಲ ಎಂದರೆ ಗೊತ್ತಲ್ಲವೇ?” ಎಂದೆ. ಎಲ್ಲರೂ “ಹೌದು” ಎಂದರು. ಪಾಠದ ಕೊನೆಯಲ್ಲಿ ಕೇಳಿದರೆ ಒಬ್ಬರೂ ಉದಾಹರಣೆ ಕೊಡಲಿಲ್ಲ. ನನ್ನ ತಿಳಿವಳಿಕೆಯನ್ನೇ ಅವರ ಪೂರ್ವಜ್ಞಾನ ಎಂದುಕೊಂಡಿದ್ದೆ. ಈಗ “ಗೊತ್ತೇ?” ಎನ್ನುವುದಿಲ್ಲ, “ಎಲ್ಲಿ ನೋಡಿದ್ದೀರಿ?” ಎಂದು ಕೇಳುತ್ತೇನೆ.