ಒಬ್ಬಳೇ ಲಕ್ಷ್ಮಿ, ಎರಡು ಖಾತೆ

ಕಳೆದ ವರ್ಷ ಒಂದು ದಿನ ನನ್ನ ತಾಯಿಯವರು ಬ್ಯಾಂಕಿನಿಂದ ಬರಿಗೈಯಲ್ಲಿ ಹಿಂದಿರುಗಿದರು. ಠೇವಣಿಯ ಅವಧಿ ಮುಗಿದಿತ್ತು. ಹಣ ಮಾತ್ರ ಉಳಿತಾಯ ಖಾತೆಗೆ ಬಂದಿರಲಿಲ್ಲ. ಖಾತೆಯಲ್ಲಿ ಅವರ ಹೆಸರಿನ ನಡುವೆ ಕೆ, ಎಸ್, ಎಚ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಠೇವಣಿಪತ್ರದಲ್ಲಿ ಆ ಮೂರರ ಸ್ಥಾನದಲ್ಲಿ ಒಂದೇ ಎಕ್ಸ್. ಕನ್ನಡದಲ್ಲಿ ಓದಿದರೆ ಎರಡೂ ‘ಲಕ್ಷ್ಮಿ’ಯೇ. ಗಣಕಯಂತ್ರಕ್ಕೆ ಮಾತ್ರ ಅವರು ಇಬ್ಬರು ಗ್ರಾಹಕರು!

“ಇಷ್ಟು ವರ್ಷ ಒಬ್ಬಳಾಗಿ ಬದುಕಿದೆ. ಈಗ ಇಬ್ಬರು ಅನ್ನುತ್ತಾರಲ್ಲಪ್ಪ!” ಎಂದರು ಅಮ್ಮ.

ಈ ತೊಡಕು ಹಳೆಯದು. ಅಮೆರಿಕದ ರಾಬರ್ಟ್ ರಸೆಲ್ ಎಂಬಾತ ಇದಕ್ಕೊಂದು ಉಪಾಯ ಹೂಡಿ 1918ರಲ್ಲಿ ಪೇಟೆಂಟ್ ಪಡೆದ. ಹೆಸರನ್ನು ಕಾಗುಣಿತದಿಂದಲ್ಲ, ಉಚ್ಚಾರಣೆಯಿಂದ ಹುಡುಕಬೇಕೆಂಬುದೇ ಅದರ ತಿರುಳು. ಅದರಿಂದ ಬೆಳೆದ ಪದ್ಧತಿಗೆ ‘ಸೌಂಡೆಕ್ಸ್’ ಎಂದು ಹೆಸರು. 1935ರಲ್ಲಿ ಸಾಮಾಜಿಕ ಭದ್ರತಾ ಕಾಯಿದೆ ಬಂದಾಗ ಜನ್ಮಪತ್ರವಿಲ್ಲದ ಅಲ್ಲಿನ ವೃದ್ಧರ ವಯಸ್ಸಿಗೆ ಹಳೆಯ ಜನಗಣತಿಯೇ ಸಾಕ್ಷಿಯಾಗಬೇಕಾಯಿತು; ಆ ಕಡತಗಳ ಸೂಚಿ ಸಿದ್ಧವಾದದ್ದು ಈ ಪದ್ಧತಿಯಿಂದಲೇ.

ಇದರ ಕ್ರಮ ಸರಳವಾದುದು. ಮೊದಲಕ್ಷರವನ್ನು ಉಳಿಸಿ, ಸ್ವರಗಳನ್ನೂ ಎಚ್ ಅಕ್ಷರವನ್ನೂ ಬಿಡಬೇಕು. ಬಿ, ಪಿ, ಎಫ್, ವಿ ಅಕ್ಷರಗಳಿಗೆ 1; ಕೆ, ಎಸ್, ಎಕ್ಸ್ ಮೊದಲಾದವಕ್ಕೆ 2; ಡಿ, ಟಿ ಅಕ್ಷರಗಳಿಗೆ 3; ಎಮ್, ಎನ್ ಅಕ್ಷರಗಳಿಗೆ 5. ಒಂದೇ ಅಂಕೆಯ ಅಕ್ಷರಗಳು ಒತ್ತಾಗಿ ಬಂದರೆ ಒಮ್ಮೆ ಎಣಿಸಿದರೆ ಸಾಕು. ಅಕ್ಷರಗಳನ್ನು ಉಚ್ಚಾರಣಾಸ್ಥಾನದಿಂದ ವರ್ಗೀಕರಿಸಿದ ನಮ್ಮ ವ್ಯಾಕರಣಕಾರರು ಇದನ್ನು ಕಂಡಿದ್ದರೆ ನಸುನಗುತ್ತಿದ್ದರೇನೋ! ಹೀಗೆ ಲೆಕ್ಕ ಹಾಕಿದರೆ ಅಮ್ಮನ ಎರಡೂ ಹೆಸರುಗಳಿಗೆ ‘ಎಲ್ 250’ ಎಂಬ ಒಂದೇ ಸಂಕೇತ ಬರುತ್ತದೆ.

ಸಮಸ್ಯೆ ಮುಗಿಯಿತೆನ್ನುವಿರಾ? ನಮ್ಮ ಬೀದಿಯ ಲಕ್ಕಮ್ಮನವರ ಹೆಸರಿಗೂ ಬರುವುದು ಅದೇ ‘ಎಲ್ 250’!

ಇನ್ನೊಂದು ಅಳತೆಗೋಲು ರಷ್ಯದ ಗಣಿತಜ್ಞ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟದ್ದು. ಒಂದು ಪದ ಇನ್ನೊಂದಾಗಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಎಣಿಕೆ ಅದು. ಅಮ್ಮನ ಎರಡು ಹೆಸರುಗಳಿಗೆ ಮೂರು ಅಕ್ಷರಗಳ ಅಂತರ. ಇಂಗ್ಲಿಷಿನಲ್ಲಿ ಬರೆದ ವೀಣಾ, ಮೀನಾ ಎಂಬ ಹೆಸರುಗಳಿಗೋ ಒಂದೇ ಅಕ್ಷರದ ಅಂತರ. ಹತ್ತಿರವಿರುವವರು ಇಬ್ಬರು, ದೂರವಿರುವವಳು ಒಬ್ಬಳು!

ಆದುದರಿಂದ ಯಂತ್ರ ಸಂಶಯವನ್ನು ಸೂಚಿಸಬಹುದೇ ಹೊರತು ತೀರ್ಪು ಕೊಡಲಾಗದು. ಜನ್ಮದಿನಾಂಕ, ವಿಳಾಸ, ದೂರವಾಣಿ ಸಂಖ್ಯೆಗಳನ್ನು ತಾಳೆ ನೋಡಿ ಮನುಷ್ಯನೇ ನಿರ್ಧರಿಸಬೇಕು. ಒಬ್ಬರ ಎರಡು ಖಾತೆಗಳನ್ನು ನಾಳೆಯಾದರೂ ಕೂಡಿಸಬಹುದು. ಇಬ್ಬರ ಖಾತೆಗಳನ್ನು ತಪ್ಪಾಗಿ ಕೂಡಿಸಿದರೆ ಒಬ್ಬರ ಗಂಟು ಇನ್ನೊಬ್ಬರ ಪಾಲಾದೀತು; ಬೇರ್ಪಡಿಸುವುದಂತೂ ಬಲು ಕಷ್ಟ.

ಅಮ್ಮನ ಪ್ರಕರಣ ಮರುವಾರ ಬಗೆಹರಿಯಿತು. ಹಿರಿಯ ಗುಮಾಸ್ತರೊಬ್ಬರು ಎರಡೂ ಕಡತಗಳನ್ನು ತರಿಸಿ ಜನ್ಮದಿನಾಂಕ ನೋಡಿದರು. ಬಳಿಕ ರುಜು ನೋಡಿದರು. ಎರಡರಲ್ಲಿಯೂ ಅಮ್ಮ ಕನ್ನಡದಲ್ಲಿಯೇ ರುಜು ಹಾಕಿದ್ದರು. ಅಲ್ಲಿ ಕಾಗುಣಿತದ ಗೊಂದಲವೇ ಇರಲಿಲ್ಲ.